ಹಳೆಯ ಈಜುಕೊಳದ ನವೀಕರಣ: ಟೈಲ್ಸ್ ಆರಿಸುವ ಮೊದಲು ನೋಡಬೇಕಾದದ್ದು

ಗಲ್ಫ್ ದುಡಿಮೆಯಿಂದ ನಮ್ಮ ಕರಾವಳಿಯಲ್ಲಿ ಎದ್ದ ದೊಡ್ಡ ಮನೆಗಳ ಪೈಕಿ ಕೆಲವಕ್ಕೆ ಹಿತ್ತಿಲಲ್ಲಿ ಈಜುಕೊಳವೂ ಇದೆ. ಕಟ್ಟಿಸಿದ ಮೊದಲ ಒಂದೆರಡು ರಜೆಗಳಲ್ಲಿ ಮಕ್ಕಳು ಅದರಲ್ಲಿ ಆಡುತ್ತಾರೆ. ಆಮೇಲೆ ಮನೆಯವರು ಮತ್ತೆ ವಿದೇಶಕ್ಕೆ ಹೋಗುತ್ತಾರೆ. ಊರಲ್ಲಿ ಉಳಿದ ಅಜ್ಜ-ಅಜ್ಜಿಗೆ ಪಂಪು, ಫಿಲ್ಟರ್ ನೋಡಿಕೊಳ್ಳುವುದು ಆಗುವುದಿಲ್ಲ. ಮೂರ್ನಾಲ್ಕು ಮಳೆಗಾಲ ಕಳೆಯುವಷ್ಟರಲ್ಲಿ ನೀರು ಹಸಿರಾಗಿ, ಟೈಲ್ಸ್ ಕಿತ್ತು, ತಳದಲ್ಲಿ ಕೊಳೆತ ಎಲೆಗಳ ಕೆಸರು ತುಂಬಿರುತ್ತದೆ. ಯಾರದಾದರೂ ಮದುವೆಯೋ ಮಕ್ಕಳ ರಜೆಯೋ ಹತ್ತಿರವಾದಾಗ ‘ಪೂಲ್ ರಿಪೇರಿ ಮಾಡಿಸೋಣ’ ಎಂಬ ಮಾತು ಬರುತ್ತದೆ.

ಆಗ ಹೆಚ್ಚಿನವರು ಮೊದಲು ಹೋಗುವುದು ಟೈಲ್ಸ್ ಅಂಗಡಿಗೆ. ಆದರೆ ಈಜುಕೊಳದಲ್ಲಿ ಜೀವ ಉಳಿಸುವ ವಸ್ತುಗಳು ಕಣ್ಣಿಗೆ ಅಷ್ಟಾಗಿ ಬೀಳುವುದಿಲ್ಲ. ಅವು ಬೇಲಿ, ತಳದ ಡ್ರೈನ್ ಮುಚ್ಚಳ, ವಿದ್ಯುತ್ ತಂತಿ ಮತ್ತು ಫಿಲ್ಟರ್. ನಿಮ್ಮ ಹಣ ಮೊದಲು ಇವುಗಳಿಗೆ ಹೋಗಲಿ, ಉಳಿದದ್ದರಲ್ಲಿ ಟೈಲ್ಸ್ ಹಾಕಿಸಿ. ಈ ಲೇಖನದ ಮುಖ್ಯ ಮಾತು ಇಷ್ಟೆ. ಹೇಗೆ ಎಂಬುದನ್ನು ಒಂದೊಂದಾಗಿ ನೋಡೋಣ.

ಮೊದಲ ಪ್ರಶ್ನೆ: ಕೊಳ ನಿಜಕ್ಕೂ ಬೇಕೆ?

ಯುನಾನಿ ವೈದ್ಯಶಾಸ್ತ್ರವು ಆರೋಗ್ಯಕ್ಕೆ ಅನಿವಾರ್ಯವಾದ ಆರು ಸಂಗತಿಗಳನ್ನು ಹೇಳುತ್ತದೆ. ಗಾಳಿ, ಅನ್ನ-ಪಾನ, ದೇಹದ ಚಲನೆ ಮತ್ತು ವಿಶ್ರಾಂತಿ ಅವುಗಳಲ್ಲಿ ಸೇರಿವೆ. ಈಜು ಒಳ್ಳೆಯ ಚಲನೆ. ಮಂಡಿನೋವು ಇರುವವರಿಗೆ, ತೂಕ ಹೆಚ್ಚಿರುವವರಿಗೆ ನೆಲದ ಮೇಲಿನ ವ್ಯಾಯಾಮಕ್ಕಿಂತ ನೀರಿನಲ್ಲಿ ಕೈಕಾಲು ಆಡಿಸುವುದು ಸುಲಭ. ಹೊರಗಿನ ಈಜುಕೊಳಕ್ಕೆ ಹೋಗಲು ಸಂಕೋಚಪಡುವ ಹೆಣ್ಣುಮಕ್ಕಳಿಗೆ ಮನೆಯ ಕೊಳ ನಿಜವಾದ ಅನುಕೂಲ.

ಆದರೆ ವರ್ಷದಲ್ಲಿ ಹತ್ತು ತಿಂಗಳು ಮನೆಗೆ ಬೀಗ ಬೀಳುವುದಾದರೆ ಕೊಳ ಬರೀ ಹೊರೆ. ಅಂಥವರಿಗೆ ಬೇರೆ ದಾರಿಯಿದೆ. ಕೊಳದ ಮೇಲೆ ಕಾಂಕ್ರೀಟ್ ಸ್ಲ್ಯಾಬ್ ಹಾಕಿಸಿ ಮಳೆನೀರಿನ ಟ್ಯಾಂಕ್ ಮಾಡಬಹುದು. ನೂರು ಚದರ ಮೀಟರಿನ ತಾರಸಿಯ ಮೇಲೆ 100 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 10,000 ಲೀಟರ್ ನೀರು. ಕರಾವಳಿಯ ನಾಲ್ಕೈದು ಜಡಿಮಳೆಯ ದಿನಗಳಲ್ಲಿ ಸಾಧಾರಣ ಕೊಳವೊಂದು ತುಂಬುತ್ತದೆ. ಬೇಸಿಗೆಯಲ್ಲಿ ತೋಟಕ್ಕೆ, ಬಟ್ಟೆ ಒಗೆಯಲು ಅದು ಬರುತ್ತದೆ. ಇದೂ ನವೀಕರಣವೇ.

ಪಾಳು ಕೊಳ ಮತ್ತು ಸೊಳ್ಳೆ

ಕೊಳ ಉಳಿಸುವುದೋ ಮುಚ್ಚುವುದೋ ಎಂದು ಮನೆಯವರು ಯೋಚಿಸುತ್ತಿರುವಾಗಲೂ ಸೊಳ್ಳೆಯ ಕೆಲಸ ನಡೆದೇ ಇರುತ್ತದೆ. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ವಾರದಿಂದ ಹತ್ತು ದಿನ ಸಾಕು. ಖಾಲಿ ಮಾಡಿದ ಕೊಳದ ಮೂಲೆಯಲ್ಲಿ ನಿಂತ ಮಳೆನೀರು, ಕೊಳದ ಮೇಲೆ ಹೊದಿಸಿದ ಟಾರ್ಪಾಲಿನ ಮಡಿಕೆ, ಕೆಲಸಗಾರರು ಬಿಟ್ಟುಹೋದ ಬಕೆಟ್, ಇವೆಲ್ಲ ಅದಕ್ಕೆ ಇಷ್ಟವಾದ ಜಾಗ. ಅದರ ಮೊಟ್ಟೆಗಳು ಒಣಗಿದ ಗೋಡೆಯಲ್ಲೂ ತಿಂಗಳುಗಟ್ಟಲೆ ಜೀವ ಹಿಡಿದಿದ್ದು, ನೀರು ತಾಗಿದಾಗ ಒಡೆಯುತ್ತವೆ. ಹಾಗಾಗಿ ನೀರು ಚೆಲ್ಲಿದರೆ ಸಾಲದು, ಗೋಡೆಯನ್ನು ಬ್ರಷ್‌ನಿಂದ ಉಜ್ಜಬೇಕು.

2024ರಲ್ಲಿ ಕರ್ನಾಟಕ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಹುಟ್ಟಲು ಎಡೆಮಾಡುವ ಮನೆ ಮತ್ತು ನಿವೇಶನಗಳ ಮಾಲೀಕರಿಗೆ ದಂಡ ವಿಧಿಸುವ ನಿಯಮ ತಂದಿದೆ. ದಂಡಕ್ಕಿಂತ ದೊಡ್ಡ ಮಾತು ಏನೆಂದರೆ, ನಿಮ್ಮ ಕೊಳದ ಸೊಳ್ಳೆ ಮೊದಲು ಕಚ್ಚುವುದು ನಿಮ್ಮ ಮನೆಯ ಅಜ್ಜಿಯನ್ನು, ಪಕ್ಕದ ಮನೆಯ ಕೂಸನ್ನು. ಕೆಲಸ ತಡವಾಗುವುದಾದರೆ ಕೊಳದಲ್ಲಿ ಗಪ್ಪಿ ಮೀನು ಬಿಡಿ, ಅವು ಸೊಳ್ಳೆಮರಿಗಳನ್ನು ತಿನ್ನುತ್ತವೆ. ಕ್ಲೋರಿನ್ ಹಾಕುವ ಮೊದಲು ಮೀನುಗಳನ್ನು ತೆಗೆಯಲು ಮರೆಯಬೇಡಿ.

ಮಳೆಗಾಲದಲ್ಲಿ ಕೊಳ ಖಾಲಿ ಮಾಡಬೇಡಿ

ಕರಾವಳಿಯಲ್ಲಿ ಮಳೆಗಾಲ ಬಂದರೆ ಬಾವಿಯ ನೀರು ಕಟ್ಟೆಯ ಹತ್ತಿರ ಏರುತ್ತದೆ. ನೆಲದೊಳಗಿನ ಆ ನೀರು ಕೊಳದ ತಳವನ್ನು ಕೆಳಗಿನಿಂದ ಮೇಲಕ್ಕೆ ಒತ್ತುತ್ತಿರುತ್ತದೆ. ಕೊಳ ತುಂಬಿದ್ದರೆ ಒಳಗಿನ ನೀರಿನ ಭಾರ ಆ ಒತ್ತಡವನ್ನು ತಡೆಯುತ್ತದೆ. ಖಾಲಿ ಮಾಡಿದರೆ ಕಾಂಕ್ರೀಟ್ ತೊಟ್ಟಿ ದೋಣಿಯಂತೆ ತೇಲಲು ನೋಡುತ್ತದೆ. ತಳ ಬಿರಿಯಬಹುದು, ಇಡೀ ಕೊಳವೇ ಮೇಲೇಳಬಹುದು. ಬಾವಿಯ ನೀರು ಚೆನ್ನಾಗಿ ಇಳಿದ ಮೇಲೆ, ಫೆಬ್ರವರಿಯಿಂದ ಮೇ ನಡುವೆ ಈ ಕೆಲಸ ಇಟ್ಟುಕೊಳ್ಳಿ. ತಳದಲ್ಲಿ ಒತ್ತಡ ಇಳಿಸುವ ವಾಲ್ವ್ ಇದೆಯೇ ಎಂದು ಎಂಜಿನಿಯರ್ ಬಳಿ ಕೇಳಿ, ಇಲ್ಲದಿದ್ದರೆ ಈಗಲೇ ಹಾಕಿಸಿ.

ಖಾಲಿ ಮಾಡುವ ಮೊದಲು ಸೋರಿಕೆ ಪರೀಕ್ಷೆ ಮಾಡಿ. ಒಂದು ಬಕೆಟ್‌ಗೆ ನೀರು ತುಂಬಿ ಕೊಳದ ಮೆಟ್ಟಿಲ ಮೇಲೆ ಇಡಿ. ಬಕೆಟ್‌ನ ಒಳಗೆ ನೀರಿನ ಮಟ್ಟಕ್ಕೆ ಒಂದು ಗುರುತು, ಹೊರಗೆ ಕೊಳದ ನೀರಿನ ಮಟ್ಟಕ್ಕೆ ಇನ್ನೊಂದು ಗುರುತು ಹಾಕಿ. ಪಂಪ್ ನಿಲ್ಲಿಸಿ, ಮಳೆಯಿಲ್ಲದ 24 ಗಂಟೆ ಬಿಡಿ. ಎರಡೂ ಕಡೆ ಒಂದೇ ಅಳತೆ ಇಳಿದಿದ್ದರೆ ಅದು ಆವಿಯಾದ ನೀರು. ಕೊಳದ ಮಟ್ಟ ಹೆಚ್ಚು ಇಳಿದಿದ್ದರೆ ಸೋರಿಕೆ ಇದೆ ಎಂದೇ ಅರ್ಥ.

ನೀರು ಹೊರಹಾಕುವಾಗ ಡೀಸೆಲ್ ಅಥವಾ ಪೆಟ್ರೋಲ್ ಪಂಪನ್ನು ಕೊಳದೊಳಗೆ ಇಳಿಸಬಾರದು. ಅದರ ಹೊಗೆಯ ಕಾರ್ಬನ್ ಮಾನಾಕ್ಸೈಡ್ ಗುಂಡಿಯಲ್ಲಿ ತುಂಬಿಕೊಂಡರೆ ಒಳಗಿದ್ದವರು ಪ್ರಜ್ಞೆ ತಪ್ಪುತ್ತಾರೆ. ಗೋಡೆಯ ಕರೆ ತೆಗೆಯಲು ಆಸಿಡ್ ಬಳಸುವುದಾದರೆ ಕೆಲಸಗಾರನಿಗೆ ಕೈಗವಸು, ಕನ್ನಡಕ, ಬೂಟು, ಆಸಿಡ್ ಹೊಗೆ ತಡೆಯುವ ಮಾಸ್ಕ್ ಕೊಡಿಸಿ; ಮೇಲೆ ಇನ್ನೊಬ್ಬರು ನಿಂತು ನೋಡುತ್ತಿರಲಿ. ಆಸಿಡ್ ನೀರನ್ನು ಸೋಡಾ ಆ್ಯಷ್ ಹಾಕಿ ಸಪ್ಪೆ ಮಾಡದೆ ಹೊರಗೆ ಬಿಡಬಾರದು. ಬಾವಿ, ತೋಡು, ಗದ್ದೆಯ ಕಡೆಗಂತೂ ಬೇಡ.

ಆಳ ಕಡಿಮೆ ಮಾಡಿ

ಹಳೆಯ ಕೊಳಗಳಲ್ಲಿ ಒಂದು ತುದಿ ಏಳೆಂಟು ಅಡಿ ಆಳ ಇರುವುದುಂಟು. ಮನೆ ಮಂದಿಯ ಈಜಿಗೆ ನಾಲ್ಕರಿಂದ ನಾಲ್ಕೂವರೆ ಅಡಿ ಸಾಕು. ತಳ ಒಡೆದು ಕೆಲಸ ಮಾಡಿಸುವಾಗಲೇ ಎಂಜಿನಿಯರ್ ಸಲಹೆ ಪಡೆದು ತಳವನ್ನು ಎತ್ತರಿಸಿಬಿಡಿ. ನೀರು, ಕ್ಲೋರಿನ್, ಕರೆಂಟು ಎಲ್ಲದರಲ್ಲೂ ಉಳಿತಾಯ. ಅದಕ್ಕಿಂತ ಹೆಚ್ಚಾಗಿ, ಕಾಲು ನೆಲಕ್ಕೆ ತಾಗುತ್ತದೆ ಎಂಬ ಧೈರ್ಯ ದೊಡ್ಡವರಿಗೆ ಇರುತ್ತದೆ. ಆದರೆ ಇಷ್ಟು ಆಳದಲ್ಲಿ ತಲೆ ಕೆಳಗೆ ಮಾಡಿ ಹಾರಿದರೆ ಕತ್ತಿನ ಮೂಳೆ ಮುರಿಯುತ್ತದೆ, ಹಾಗೆ ಹಾರುವುದನ್ನು ಮನೆಯಲ್ಲಿ ಪೂರ್ತಿ ನಿಷೇಧಿಸಿ.

2024ರ ನವೆಂಬರ್‌ನಲ್ಲಿ ಮಂಗಳೂರು ಸಮೀಪದ ಸೋಮೇಶ್ವರದ ರೆಸಾರ್ಟ್ ಒಂದರ ಈಜುಕೊಳದಲ್ಲಿ ಮೈಸೂರಿನ ಮೂವರು ಯುವತಿಯರು ಮುಳುಗಿ ತೀರಿಕೊಂಡರು. ಒಬ್ಬರು ಆಳದ ಕಡೆ ಸಿಲುಕಿದಾಗ ಉಳಿದವರು ರಕ್ಷಿಸಲು ಹೋದರು, ಮೂವರಿಗೂ ಸರಿಯಾಗಿ ಈಜು ಬರುತ್ತಿರಲಿಲ್ಲ. ಚಿಕ್ಕ ಕೊಳದಲ್ಲೂ ಇಂಥದ್ದು ನಡೆಯುತ್ತದೆ. ಆದ್ದರಿಂದ ಕೊಳದ ಅಂಚಿನಲ್ಲಿ ಆಳದ ಅಳತೆಯನ್ನು ದೊಡ್ಡ ಅಕ್ಷರದಲ್ಲಿ ಬರೆಸಿ. ಉದ್ದನೆಯ ಬಿದಿರಿನ ಗಳ ಅಥವಾ ಹಗ್ಗ ಕಟ್ಟಿದ ತೇಲುವ ಟ್ಯೂಬ್ ಸದಾ ಪಕ್ಕದಲ್ಲಿರಲಿ. ಮುಳುಗುತ್ತಿರುವವರಿಗೆ ಮೊದಲು ಅದನ್ನು ಚಾಚಬೇಕು. ಈಜು ಬಾರದವರು ನೀರಿಗೆ ಹಾರಬಾರದು.

ಬೇಲಿ: ಮನೆ ಮತ್ತು ಕೊಳದ ನಡುವೆ

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2021ರಲ್ಲಿ ಜಗತ್ತಿನಾದ್ಯಂತ ಸುಮಾರು 3 ಲಕ್ಷ ಮಂದಿ ನೀರಿನಲ್ಲಿ ಮುಳುಗಿ ಸತ್ತರು. ಅವರಲ್ಲಿ ಸುಮಾರು ಕಾಲು ಭಾಗ ಐದು ವರ್ಷದೊಳಗಿನ ಮಕ್ಕಳು. ಸಿನಿಮಾದಲ್ಲಿ ತೋರಿಸುವಂತೆ ಮಗು ಕೂಗಿ ಕರೆಯುವುದಿಲ್ಲ. ಬಾಯಿಗೆ ನೀರು ನುಗ್ಗಿದ ಮಗುವಿಗೆ ಕೂಗಲು ಉಸಿರೇ ಇರುವುದಿಲ್ಲ. ತಾಯಿ ಒಳಗೆ ಹೋಗಿ ಒಂದು ಫೋನ್ ಮಾತಾಡಿ ಬರುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ.

ನಮ್ಮ ಮನೆಗಳಲ್ಲಿ ಒಂದು ವಿಶೇಷ ಗಮನಿಸಿ. ಪರ್ದೆಯ ಅನುಕೂಲಕ್ಕಾಗಿ ಕೊಳದ ಸುತ್ತ ಎತ್ತರದ ಕಾಂಪೌಂಡ್ ಕಟ್ಟಿಸಿರುತ್ತೇವೆ. ರಸ್ತೆಯವರ ದೃಷ್ಟಿ ಬೀಳದಂತೆ ಅದು ಕಾಯುತ್ತದೆ. ಆದರೆ ಮಗು ಬರುವುದು ರಸ್ತೆಯಿಂದಲ್ಲ, ಅಡುಗೆಮನೆಯ ಹಿಂಬಾಗಿಲಿನಿಂದ. ಆ ಬಾಗಿಲಿಗೂ ಕೊಳಕ್ಕೂ ನಡುವೆ ಏನೂ ಇರುವುದಿಲ್ಲ. ಗೋಡೆಯ ಮರೆಯಲ್ಲಿ ಏನಾಗುತ್ತಿದೆ ಎಂದು ನೆರೆಯವರಿಗೂ ಕಾಣುವುದಿಲ್ಲ. ಕಾಂಪೌಂಡ್ ಇರಲಿ, ಅದರ ಒಳಗೆ ಕೊಳದ ನಾಲ್ಕೂ ಬದಿಗೆ ಬೇರೆಯೇ ಬೇಲಿ ಬೇಕು.

ಬೇಲಿ ಕನಿಷ್ಠ 1.2 ಮೀಟರ್, ಅಂದರೆ ನಾಲ್ಕು ಅಡಿ ಎತ್ತರ ಇರಲಿ. ಸರಳುಗಳ ನಡುವಿನ ಸಂದು 10 ಸೆಂಟಿಮೀಟರ್ ಮೀರಬಾರದು. ಮಗು ಕಾಲಿಟ್ಟು ಹತ್ತುವಂಥ ಅಡ್ಡಪಟ್ಟಿ, ಹೂಕುಂಡ, ಕುರ್ಚಿ ಹತ್ತಿರ ಇರಬಾರದು. ಗೇಟು ಕೊಳದಿಂದ ಹೊರಕ್ಕೆ ತೆರೆಯುವಂತಿರಲಿ, ಕೈಬಿಟ್ಟರೆ ತಾನಾಗಿ ಮುಚ್ಚಿ ಚಿಲಕ ಬೀಳುವಂತಿರಲಿ. ಚಿಲಕ ಚಿಕ್ಕ ಮಗುವಿನ ಕೈಗೆ ಎಟುಕದ ಎತ್ತರದಲ್ಲಿರಲಿ. ಮನೆಯ ಕಿಟಕಿಯಿಂದ ನೋಡಿದರೆ ಬೇಲಿಯ ಆಚೆಗಿನ ನೀರು ಕಾಣಿಸಬೇಕು. ಇಷ್ಟೆಲ್ಲ ಇದ್ದರೂ ಮಕ್ಕಳು ನೀರಿನಲ್ಲಿರುವಾಗ ಒಬ್ಬ ಹಿರಿಯರು ಮೊಬೈಲ್ ಪಕ್ಕಕ್ಕಿಟ್ಟು ಅಲ್ಲೇ ಕುಳಿತಿರಬೇಕು. ‘ಎಲ್ಲರೂ ಇದ್ದಾರಲ್ಲ’ ಎಂದುಕೊಂಡ ಕಡೆ ಯಾರೂ ನೋಡುತ್ತಿರುವುದಿಲ್ಲ. ಹೆಸರು ಹೇಳಿ ಒಬ್ಬರಿಗೆ ವಹಿಸಿ.

ತಳದ ಡ್ರೈನ್ ಮತ್ತು ವಿದ್ಯುತ್

ಕೊಳದ ತಳದಲ್ಲಿರುವ ಡ್ರೈನ್ ಮೂಲಕ ಪಂಪು ನೀರನ್ನು ಎಳೆಯುತ್ತದೆ. ಮುಚ್ಚಳ ಒಡೆದಿದ್ದರೆ ಅಥವಾ ಚಪ್ಪಟೆಯಾಗಿದ್ದರೆ ಮಗುವಿನ ದೇಹವೇ ಅದಕ್ಕೆ ಅಂಟಿಕೊಳ್ಳುತ್ತದೆ. ದೊಡ್ಡವರು ಎಳೆದರೂ ಬಿಡಿಸಲಾಗದಷ್ಟು ಬಲ ಅದಕ್ಕಿದೆ. 2002ರಲ್ಲಿ ಅಮೆರಿಕದ ಮಾಜಿ ವಿದೇಶಾಂಗ ಕಾರ್ಯದರ್ಶಿ ಜೇಮ್ಸ್ ಬೇಕರ್ ಅವರ ಏಳು ವರ್ಷದ ಮೊಮ್ಮಗಳು ಬಿಸಿನೀರಿನ ತೊಟ್ಟಿಯೊಂದರ ಡ್ರೈನ್‌ಗೆ ಹೀಗೆಯೇ ಸಿಕ್ಕಿ ಸತ್ತಳು. ಅವಳ ಹೆಸರಿನಲ್ಲೇ 2007ರಲ್ಲಿ ಅಲ್ಲಿ ಕಾನೂನು ಬಂತು. ನವೀಕರಣದಲ್ಲಿ ಒಂದೇ ಡ್ರೈನ್ ಇರುವ ಕಡೆ, ಕನಿಷ್ಠ ಮೂರು ಅಡಿ ದೂರದಲ್ಲಿ ಎರಡು ಡ್ರೈನ್ ಮಾಡಿಸಿ ಒಂದೇ ಪಂಪಿಗೆ ಜೋಡಿಸಿ. ಒಂದು ಮುಚ್ಚಿಹೋದರೆ ಇನ್ನೊಂದರಿಂದ ನೀರು ಬರುತ್ತದೆ. ಮೇಲೆ ಉಬ್ಬಿರುವ, ದೇಹ ಅಂಟದಂಥ ಮುಚ್ಚಳವನ್ನು ಸ್ಕ್ರೂ ಹಾಕಿ ಬಿಗಿಸಿ. ಬಿಚ್ಚಿದ ಉದ್ದ ಕೂದಲು, ಓಡಾಡುವ ದುಪಟ್ಟಾ ಕೂಡ ಡ್ರೈನ್‌ಗೆ ಸಿಕ್ಕಿಕೊಳ್ಳುತ್ತವೆ. ಹೆಣ್ಣುಮಕ್ಕಳು ಕೂದಲು ಕಟ್ಟಿ ಟೋಪಿ ಹಾಕಲಿ. ಹತ್ತಿಯ ಚೂಡಿದಾರ್ ನೀರು ಹೀರಿ ಭಾರವಾಗುತ್ತದೆ, ಮೈ ಮುಚ್ಚುವ ಈಜುಡುಗೆಯೇ ಕ್ಷೇಮ.

ವಿದ್ಯುತ್ ವಿಷಯದಲ್ಲಿ ರಾಜಿ ಬೇಡ. 2023ರ ಡಿಸೆಂಬರ್ ಕೊನೆಯಲ್ಲಿ ಬೆಂಗಳೂರಿನ ವರ್ತೂರು ಭಾಗದ ಅಪಾರ್ಟ್‌ಮೆಂಟ್ ಒಂದರ ಈಜುಕೊಳದಲ್ಲಿ ಬಾಲಕಿಯೊಬ್ಬಳು ಮೃತಪಟ್ಟಾಗ ವಿದ್ಯುತ್ ಆಘಾತವೇ ಕಾರಣ ಎಂಬ ಆರೋಪ ಬಂತು. ಹಳೆಯ ಕೊಳದ ದೀಪಗಳ ರಬ್ಬರ್ ಒಣಗಿ ಬಿರುಕು ಬಿಟ್ಟಿರುತ್ತದೆ, ವೈರನ್ನು ಇಲಿ ಕಡಿದಿರುತ್ತದೆ. ಹಳೆಯ ದೀಪಗಳನ್ನೆಲ್ಲ ತೆಗೆಸಿ. ನೀರೊಳಗೆ ದೀಪ ಬೇಕೇ ಬೇಕೆಂದರೆ 12 ವೋಲ್ಟಿನದನ್ನು ಮಾತ್ರ ಹಾಕಿಸಿ, ಅದರ ಟ್ರಾನ್ಸ್‌ಫಾರ್ಮರ್ ಕೊಳದಿಂದ ದೂರ ಇರಲಿ. ಪಂಪು ಮತ್ತು ದೀಪದ ಲೈನಿಗೆ 30 ಮಿಲಿಆ್ಯಂಪಿಯರ್ ಮೀರದ ಆರ್‌ಸಿಸಿಬಿ ಹಾಕಿಸಿ, ಅರ್ಥಿಂಗ್ ಪರೀಕ್ಷೆ ಮಾಡಿಸಿ. ಆರ್‌ಸಿಸಿಬಿಯಲ್ಲಿರುವ ‘ಟೆಸ್ಟ್’ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡಿ. ಒತ್ತಿದಾಗ ಕರೆಂಟು ಹೋಗದಿದ್ದರೆ ಅದು ಕೆಟ್ಟಿದೆ. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಹೊರತು ಬೇರೆಯವರ ಕೈಗೆ ಈ ಕೆಲಸ ಕೊಡಬೇಡಿ.

ಈಗ ಟೈಲ್ಸ್

ಬಿರುಕು ಮುಚ್ಚಿ, ವಾಟರ್‌ಪ್ರೂಫಿಂಗ್ ಮಾಡಿಸಿದ ಮೇಲೆ ಟೈಲ್ಸ್ ಅಂಟಿಸುವ ಮೊದಲೇ ನೀರು ತುಂಬಿ ಒಂದು ವಾರ ನಿಲ್ಲಿಸಿ ನೋಡಿ. ಟೈಲ್ಸ್ ಹಾಕಿದ ಮೇಲೆ ಸೋರಿಕೆ ಕಂಡರೆ ಎಲ್ಲ ಕೀಳಬೇಕಾಗುತ್ತದೆ. ಆ ವಾರವೂ ಬೇಲಿ ಇರಬೇಕು, ಸೊಳ್ಳೆಯ ಮೇಲೆ ಕಣ್ಣಿರಬೇಕು. ಒಳಗೆ ನೀರು ಹೀರದ ಟೈಲ್ಸ್, ಸಂದುಗಳಿಗೆ ಎಪಾಕ್ಸಿ ಗ್ರೌಟ್ ಒಳ್ಳೆಯದು. ಸಂದು ಸವೆದರೆ ಪಾಚಿ ಅಲ್ಲೇ ಬೇರೂರುತ್ತದೆ. ಸುತ್ತಲಿನ ನೆಲಕ್ಕೆ ಹೊಳೆಯುವ ಟೈಲ್ಸ್ ಬೇಡ, ಒದ್ದೆ ಕಾಲು ಜಾರದ ಒರಟು ಕಲ್ಲು ಹಾಸಿ.

ನೀರನ್ನು ಶುದ್ಧವಾಗಿ ಇಡುವುದು

ಇಬ್ನ್ ಸೀನಾ ಅವರು ‘ಅಲ್ ಖಾನೂನ್’ ಗ್ರಂಥದಲ್ಲಿ ನೀರಿನ ಗುಣ-ದೋಷಗಳನ್ನೇ ಪ್ರತ್ಯೇಕವಾಗಿ ಚರ್ಚಿಸಿದ್ದಾರೆ. ನಿಂತ ನೀರು ಆರೋಗ್ಯಕ್ಕೆ ಒಳ್ಳೆಯದಲ್ಲ ಎಂಬುದು ಯುನಾನಿಯ ಹಳೆಯ ತಿಳಿವಳಿಕೆ. ಈಜುಕೊಳದ ನೀರು ನಿಂತ ನೀರೇ. ಅದನ್ನು ಹರಿಯುವಂತೆ ಮಾಡುವುದು ಪಂಪು ಮತ್ತು ಫಿಲ್ಟರ್, ರೋಗಾಣು ಕೊಲ್ಲುವುದು ಕ್ಲೋರಿನ್.

ಮೊದಲು ನೀರಿನ ಪ್ರಮಾಣ ಲೆಕ್ಕ ಹಾಕಿ. 8 ಮೀಟರ್ ಉದ್ದ, 4 ಮೀಟರ್ ಅಗಲ, ಸರಾಸರಿ 1.35 ಮೀಟರ್ ಆಳದ ಕೊಳವೆಂದರೆ 43.2 ಘನ ಮೀಟರ್, ಅಂದರೆ 43,200 ಲೀಟರ್. ಇಷ್ಟೂ ನೀರು ಆರರಿಂದ ಎಂಟು ಗಂಟೆಯಲ್ಲಿ ಒಮ್ಮೆ ಫಿಲ್ಟರ್ ದಾಟಿ ಬರಬೇಕು. ಆರು ಗಂಟೆಗೆ ಲೆಕ್ಕ ಹಾಕಿದರೆ ಗಂಟೆಗೆ ಸುಮಾರು 7,200 ಲೀಟರ್ ಎಳೆಯುವ ಪಂಪು ಬೇಕು. ವರ್ಷಗಟ್ಟಲೆ ನಿಂತುಹೋದ ಫಿಲ್ಟರಿನ ಮರಳನ್ನು ಪೂರ್ತಿ ಬದಲಿಸಿ.

ನೀರಿನಲ್ಲಿ ಉಳಿದಿರಬೇಕಾದ ಕ್ಲೋರಿನ್ ಲೀಟರಿಗೆ 1ರಿಂದ 3 ಮಿಲಿಗ್ರಾಂ, ಪಿಎಚ್ 7.2ರಿಂದ 7.8. ಪಿಎಚ್ ಇದಕ್ಕಿಂತ ಏರಿದರೆ ಕ್ಲೋರಿನ್ ಹಾಕಿದರೂ ಅದರ ಬಲ ಕುಗ್ಗುತ್ತದೆ. ಇವೆರಡನ್ನೂ ನೋಡುವ ಪರೀಕ್ಷಾ ಕಿಟ್ ತಂದಿಟ್ಟುಕೊಂಡು, ಈಜುವ ದಿನ ಬೆಳಿಗ್ಗೆ ತಪ್ಪದೆ ನೋಡಿ. ಮೇಲಿನ ಕೊಳದಲ್ಲಿ ಕ್ಲೋರಿನನ್ನು 1 ಮಿಲಿಗ್ರಾಂ ಏರಿಸಲು ಶೇಕಡ 33 ಕ್ಲೋರಿನ್ ಇರುವ ತಾಜಾ ಬ್ಲೀಚಿಂಗ್ ಪೌಡರ್ ಸುಮಾರು 130 ಗ್ರಾಂ ಬೇಕು. ಪುಡಿಯನ್ನು ಬಕೆಟ್ ನೀರಿನಲ್ಲಿ ಕದಡಿ, ಗಸಿ ಇಳಿದ ಮೇಲೆ ತಿಳಿಯನ್ನು ಸುರಿಯಿರಿ. ಯಾವಾಗಲೂ ನೀರಿಗೆ ಪುಡಿ ಹಾಕಬೇಕೇ ಹೊರತು ಪುಡಿಗೆ ನೀರು ಸುರಿಯಬಾರದು. ಬ್ಲೀಚಿಂಗ್ ಪೌಡರ್ ಮತ್ತು ಆಸಿಡ್ ಎಂದಿಗೂ ಸೇರಬಾರದು. ಸೇರಿದರೆ ಶ್ವಾಸಕೋಶ ಸುಡುವ ವಿಷಾನಿಲ ಏಳುತ್ತದೆ. ಎರಡು ಬಗೆಯ ಕ್ಲೋರಿನ್ ಪುಡಿಗಳನ್ನೂ ಬೆರೆಸಬೇಡಿ, ಬೆಂಕಿ ಹೊತ್ತಿಕೊಳ್ಳಬಹುದು.

‘ಕ್ಲೋರಿನ್ ವಾಸನೆ ಬಂದರೆ ನೀರು ಶುದ್ಧ’ ಎಂದು ಹಲವರು ತಿಳಿದಿದ್ದಾರೆ. ಅದು ತಪ್ಪು. ಬೆವರು, ಮೂತ್ರದ ಜೊತೆ ಕ್ಲೋರಿನ್ ಸೇರಿ ಆಗುವ ಕ್ಲೋರಮಿನ್‌ನ ವಾಸನೆ ಅದು. ಕಣ್ಣು ಕೆಂಪಾಗುವುದು, ಮೂಗು ಉರಿಯುವುದು ಕೂಡ ಹೆಚ್ಚಾಗಿ ಅದರಿಂದಲೇ. ನೀರಿಗಿಳಿಯುವ ಮೊದಲು ಸೋಪು ಹಚ್ಚಿ ಸ್ನಾನ ಮಾಡುವುದು, ಮಕ್ಕಳನ್ನು ಗಂಟೆಗೊಮ್ಮೆ ಶೌಚಾಲಯಕ್ಕೆ ಕಳಿಸುವುದು ಅದಕ್ಕೆ ಮದ್ದು. ಭೇದಿ ಇರುವ ಮಗುವನ್ನು ಇಳಿಸಲೇಬೇಡಿ. ಸಾಮಾನ್ಯ ಬ್ಯಾಕ್ಟೀರಿಯಾಗಳು ಕ್ಲೋರಿನ್‌ಗೆ ಬೇಗ ಸಾಯುತ್ತವೆ, ಆದರೆ ಭೇದಿ ತರುವ ಕ್ರಿಪ್ಟೋಸ್ಪೋರಿಡಿಯಂ ಎಂಬ ಪರಾವಲಂಬಿ ಲೀಟರಿಗೆ 1 ಮಿಲಿಗ್ರಾಂ ಕ್ಲೋರಿನ್ ಇರುವ ನೀರಿನಲ್ಲೂ ವಾರಕ್ಕಿಂತ ಹೆಚ್ಚು ಬದುಕುತ್ತದೆ.

ನೆರೆಯ ಕೇರಳದಲ್ಲಿ 2024 ಮತ್ತು 2025ರಲ್ಲಿ ಮಿದುಳಿಗೆ ಅಮೀಬಾ ಸೋಂಕು ತಗುಲಿ ಹಲವರು ತೀರಿಕೊಂಡದ್ದನ್ನು ನೀವು ಓದಿರುತ್ತೀರಿ. ಬೆಚ್ಚಗಿನ ಸಿಹಿನೀರಿನಲ್ಲಿರುವ ನೇಗ್ಲೇರಿಯಾ ಎಂಬ ಅಮೀಬಾ ಮೂಗಿನ ಮೂಲಕ ಮಿದುಳು ಸೇರುತ್ತದೆ. ಆ ನೀರು ಕುಡಿದರೆ ರೋಗ ಬರುವುದಿಲ್ಲ, ಮೂಗಿಗೆ ಏರಿದರೆ ಬರುತ್ತದೆ. ಪಾಕಿಸ್ತಾನದ ಕರಾಚಿಯಲ್ಲಿ ಈಜದವರಿಗೂ ಇದು ತಗುಲಿದ್ದು ವರದಿಯಾಗಿದೆ. ವುಝೂ ಮಾಡುವಾಗ ಮೂಗಿಗೆ ಎಳೆದುಕೊಂಡ ಅಶುದ್ಧ ನೀರು ಕಾರಣವಿರಬಹುದು ಎಂದು ಅಲ್ಲಿನ ವೈದ್ಯರು ಶಂಕಿಸಿದರು. ಸರಿಯಾಗಿ ಕ್ಲೋರಿನ್ ಹಾಕಿದ ನೀರಿನಲ್ಲಿ ಇದು ಉಳಿಯುವುದಿಲ್ಲ. ಪಾಳು ಕೊಳದ ಹಸಿರು ನೀರಿನಲ್ಲಿ ಮಕ್ಕಳು ಆಡುವುದು, ಅದರಿಂದ ವುಝೂ ಮಾಡುವುದು ಎರಡೂ ಬೇಡ. ನೀರಿಗಿಳಿದ ಎರಡು ವಾರದೊಳಗೆ ತೀವ್ರ ತಲೆನೋವು, ಜ್ವರ, ವಾಂತಿ, ಕತ್ತು ಬಿಗಿಯುವುದು ಕಂಡರೆ ಮನೆಮದ್ದಿಗೆ, ನಮ್ಮಂಥ ಹಕೀಮರ ಬಳಿಗೆ ಹೋಗಿ ಸಮಯ ಕಳೆಯಬೇಡಿ. ದೊಡ್ಡ ಆಸ್ಪತ್ರೆಗೆ ಹೋಗಿ, ನೀರಿಗಿಳಿದ ವಿಷಯವನ್ನು ವೈದ್ಯರಿಗೆ ತಪ್ಪದೆ ಹೇಳಿ.

ಮುಳುಗಿದವರನ್ನು ಮೇಲೆತ್ತಿದಾಗ

ಮುಳುಗಿದವರನ್ನು ಉಪ್ಪಿನ ರಾಶಿಯಲ್ಲಿ ಹೂತಿಟ್ಟರೆ ಜೀವ ಮರಳುತ್ತದೆ ಎಂಬ ನಂಬಿಕೆ ನಮ್ಮ ರಾಜ್ಯದಲ್ಲೂ ಇದೆ. ಕಾಲು ಹಿಡಿದು ತಲೆಕೆಳಗೆ ತೂಗುವುದು, ಹೊಟ್ಟೆ ಒತ್ತಿ ನೀರು ತೆಗೆಯುವುದೂ ರೂಢಿಯಲ್ಲಿದೆ. ಇವು ಯಾವುವೂ ಉಪಯೋಗವಿಲ್ಲ. ಅಮೂಲ್ಯವಾದ ಮೊದಲ ನಿಮಿಷಗಳು ಇದರಲ್ಲೇ ಹೋಗುತ್ತವೆ.

ಒಬ್ಬರು 112 ಅಥವಾ 108ಕ್ಕೆ ಕರೆ ಮಾಡಲಿ. ಇನ್ನೊಬ್ಬರು ವ್ಯಕ್ತಿಯನ್ನು ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ ಉಸಿರಾಟ ನೋಡಲಿ. ಉಸಿರಿಲ್ಲದಿದ್ದರೆ ತಲೆಯನ್ನು ಹಿಂದಕ್ಕೆ ಬಾಗಿಸಿ, ಗದ್ದ ಎತ್ತಿ, ಮೂಗು ಹಿಡಿದು, ಬಾಯಿಗೆ ಬಾಯಿಟ್ಟು ಎದೆ ಏರುವಂತೆ ಎರಡು ಸಲ ಉಸಿರು ಊದಿ. ಬಳಿಕ ಎದೆಯ ನಡುವೆ ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ 30 ಸಲ ಒತ್ತಿ. ದೊಡ್ಡವರಿಗೆ ಸುಮಾರು 5 ಸೆಂಟಿಮೀಟರ್ ಆಳ, ಮಕ್ಕಳಿಗೆ ಎದೆಯ ಮೂರನೇ ಒಂದು ಭಾಗ. ಮತ್ತೆ ಎರಡು ಉಸಿರು, 30 ಒತ್ತು. ಆಂಬುಲೆನ್ಸ್ ಬರುವವರೆಗೂ ನಿಲ್ಲಿಸಬೇಡಿ. ಎಚ್ಚರವಾದರೂ ಆಸ್ಪತ್ರೆಗೆ ಒಯ್ಯಲೇಬೇಕು, ಶ್ವಾಸಕೋಶಕ್ಕೆ ಹೋದ ನೀರಿನ ತೊಂದರೆ ಕೆಲವು ಗಂಟೆಗಳ ಬಳಿಕವೂ ಕಾಣಿಸಿಕೊಳ್ಳುತ್ತದೆ. ಕೊಳ ಇರುವ ಮನೆಯಲ್ಲಿ ಇಬ್ಬರಾದರೂ ಇದನ್ನು ತರಬೇತಿ ಪಡೆದು ಕಲಿತಿರಬೇಕು.

ಈಜುವವರಿಗೆ ಕೊನೆಯ ಕೆಲವು ಮಾತು

ಹೊಟ್ಟೆ ತುಂಬ ಉಂಡ ಕೂಡಲೇ ನೀರಿಗಿಳಿಯಬೇಡಿ. ಬಿಸಿಲಿನಲ್ಲಿ ದಣಿದು ಬಂದವರು ತಂಪು ನೀರಿಗೆ ಒಮ್ಮೆಲೇ ಧುಮುಕದೆ ಕೈಕಾಲು ಒದ್ದೆ ಮಾಡಿಕೊಂಡು ಇಳಿಯಲಿ. ಮೂರ್ಛೆರೋಗ, ಹೃದಯದ ತೊಂದರೆ ಇರುವವರು ತಮ್ಮ ವೈದ್ಯರನ್ನು ಕೇಳದೆ, ಒಬ್ಬರೇ ಈಜಲೇಬಾರದು. ಹೊರಬಂದ ಮೇಲೆ ಸಿಹಿನೀರಿನಲ್ಲಿ ಮೈ ತೊಳೆದು, ಕಿವಿಯನ್ನು ಬಟ್ಟೆಯ ತುದಿಯಿಂದ ಹೊರಗಷ್ಟೇ ಒರೆಸಿ, ಕಾಲ್ಬೆರಳ ಸಂದು ಒಣಗಿಸಿ. ಕಿವಿಯ ತುರಿಕೆ, ಕಾಲಿನ ಹುಣ್ಣು ಹೆಚ್ಚಾಗಿ ತೇವ ಉಳಿದ ಕಡೆಯೇ ಶುರುವಾಗುತ್ತವೆ. ಚರ್ಮ ಒಣಗುವವರು ಮೈ ತುಸು ಒದ್ದೆ ಇರುವಾಗಲೇ ಕೊಬ್ಬರಿ ಎಣ್ಣೆ ತೆಳ್ಳಗೆ ಸವರಿಕೊಳ್ಳಬಹುದು.

ಮೇಸ್ತ್ರಿಯೊಡನೆ ಮಾತಿಗೆ ಕೂರುವಾಗ ಈ ಪಟ್ಟಿಯನ್ನು ಕೈಯಲ್ಲಿಡಿ: ಬೇಲಿ ಮತ್ತು ಗೇಟು, ಎರಡು ಡ್ರೈನ್ ಮತ್ತು ಮುಚ್ಚಳ, ವೈರಿಂಗ್ ಮತ್ತು ಆರ್‌ಸಿಸಿಬಿ, ಆಳ ಕಡಿಮೆ ಮಾಡುವುದು, ಫಿಲ್ಟರ್ ಮತ್ತು ಪಂಪು, ವಾಟರ್‌ಪ್ರೂಫಿಂಗ್, ಕೊನೆಗೆ ಟೈಲ್ಸ್. ಹಣ ಸಾಲದೆ ಹೋದರೆ ಪಟ್ಟಿಯ ಕೊನೆಯಿಂದ ಕಡಿತ ಮಾಡಿ. ಬೇಲಿಗೇ ಹಣವಿಲ್ಲದಿದ್ದರೆ ಈ ವರ್ಷ ಕೊಳಕ್ಕೆ ನೀರು ತುಂಬಬೇಡಿ.